ಸ್ಟೈರ್ ಎಂ9-ಎ1: ಯಾರೂ ಕೇಳದ ಪಿಸ್ತೂಲು, ಇಷ್ಟು ವರ್ಷದ ಬಳಕೆ

ಪಿಸ್ತೂಲಿನ ಬಗ್ಗೆ ದೂರು ಹೇಳೋಕೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ. ತಾಪತ್ರಯ ಎಲ್ಲ ಅದರ ಸುತ್ತಮುತ್ತ. ಮ್ಯಾಗಜೀನ್, ಅಂದರೆ ಗುಂಡು ತುಂಬಿ ಹಿಡಿಯೊಳಗೆ ಸಿಕ್ಕಿಸುವ ಡಬ್ಬಿ, ಬೇಕೆಂದರೆ ನಾಲ್ಕು ಕಡೆ ಹುಡುಕಬೇಕು. ಹೋಲ್‌ಸ್ಟರ್ (ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಒರೆ) ಬೇಕೆಂದರೆ ಆರ್ಡರ್ ಕೊಟ್ಟು ವಾರಗಟ್ಟಲೆ ಕಾಯಬೇಕು. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಪಕ್ಕದ ಲೇನಿನವರು "ಇದು ಯಾವ ಗ್ಲಾಕ್?" ಅಂತ ಕೇಳುತ್ತಾರೆ. ಎಲ್ಲರಿಗೂ ಗೊತ್ತಿರುವ ಆ ಗ್ಲಾಕ್ ಕಂಪನಿಯದಲ್ಲ ಅಂದರೆ ಸುಮ್ನೆ ಮುಖ ನೋಡುತ್ತಾರೆ. ಸ್ಟೈರ್ ಎಂ9-ಎ1 ಕೊಳ್ಳಬೇಕು ಅಂತಿರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದು. ಗುಂಡು ಹೊಡೆಯುವ ವಿಷಯದಲ್ಲಿ ಇದು ಯಾವ ದೊಡ್ಡ ಹೆಸರಿಗೂ ಕಡಿಮೆಯಿಲ್ಲ. ಇಟ್ಟುಕೊಂಡು ಸಾಕುವ ವಿಷಯದಲ್ಲಿ ಮಾತ್ರ ತಾಳ್ಮೆ ಬೇಕು.

ನಾನಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಗ್ರೀನ್ ಕಾರ್ಡ್ ಬಂದ ಮೇಲೆ ಕೊಂಡ ಪಿಸ್ತೂಲು ಇದು. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಆಸೆ ನನಗಿಲ್ಲ. ರೇಂಜಿಗೆ ಹೋಗುವುದು, ಆಗೀಗ ಕ್ಲಬ್ ಪಂದ್ಯದಲ್ಲಿ ಕೈ ನೋಡುವುದು, ಮಿಕ್ಕ ಹೊತ್ತು ಸೇಫಿನಲ್ಲಿ ಬೀಗ. ಹಾಗಾಗಿ ಈ ವಿಮರ್ಶೆಯನ್ನು ಒಬ್ಬ ಹವ್ಯಾಸಿಯ ಮಾತು ಅಂತ ಓದಿಕೊಳ್ಳಿ. ಪೊಲೀಸ್ ಕೆಲಸಕ್ಕೆ ಇದು ಹೇಗೆ ಅಂತ ಹೇಳೋಕೆ ನಾನು ಯಾರೂ ಅಲ್ಲ.

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಗ್ಲಾಕ್, ಸಿಗ್, ಸ್ಮಿತ್ ಆಂಡ್ ವೆಸನ್‌ಗಳ ನಡುವೆ ಇದೊಂದು ಬಿದ್ದಿತ್ತು. ಮಾರುವವರೇ "ಇದನ್ನು ಯಾರೂ ಕೇಳಲ್ಲ, ಆದರೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ" ಅಂದರು. ಹಿಡಿದೆ. ಹಿಡಿ ಅಂಗೈಯೊಳಗೆ ಮೇಲೆ ತನಕ ಹೋಗಿ ಕೂತುಕೊಂಡಿತು. ಗೋಡೆ ಮೇಲಿನ ಒಂದು ಗುರುತಿನ ಕಡೆ ಎತ್ತಿದರೆ ಮಣಿಕಟ್ಟು ತಿರುಗಿಸುವ ಕೆಲಸವೇ ಇಲ್ಲ, ನೇರ ಅಲ್ಲಿಗೇ ಹೋಗಿ ನಿಂತಿತು. ಬೆಲೆ ಗ್ಲಾಕ್‌ನ ಆಸುಪಾಸಿನಲ್ಲೇ ಇತ್ತು. ಅಗ್ಗ ಅಂತ ಇದನ್ನು ಕೊಳ್ಳುವವರು ಯಾರೂ ಇಲ್ಲ ಅನ್ನಿ.

ಯಾರೂ ಕೇಳದ ಹೆಸರು ಅಂದೆನಲ್ಲ, ಅದು ಪಿಸ್ತೂಲಿನ ಮಟ್ಟಿಗೆ ಮಾತ್ರ. ಕಂಪನಿ ಹಳೆಯದು. ಆಸ್ಟ್ರಿಯಾದ ಸ್ಟೈರ್ ಊರಿನಲ್ಲಿ ಜೋಸೆಫ್ ವೆರ್ನ್‌ಡಲ್ 1864ರಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಬಂದ ವಂಶ ಇದು. ಮಾನ್‌ಲಿಖರ್ ರೈಫಲ್‌ಗಳು ಇವರದೇ. ಆಸ್ಟ್ರಿಯಾ ಸೇನೆ 1977ರಲ್ಲಿ ತೆಗೆದುಕೊಂಡ ಆಗ್ ರೈಫಲ್ಲೂ ಇವರದೇ. ಇಷ್ಟೆಲ್ಲ ಇದ್ದವರು ಪಿಸ್ತೂಲಿನಲ್ಲಿ ಎಡವಿದ್ದು ಮನೆಯಂಗಳದಲ್ಲೇ. 1980ರ ದಶಕದ ಶುರುವಿನಲ್ಲಿ ಆಸ್ಟ್ರಿಯಾ ಸೇನೆ ಹೊಸ ಪಿಸ್ತೂಲು ಹುಡುಕುತ್ತಿತ್ತು. ಸ್ಟೈರ್ ತನ್ನ ಜಿಬಿ ಅನ್ನುವ ಮಾದರಿ ತಂದಿತು. ಎದುರಿಗೆ ಬಂದವರು ಗಾಸ್ಟನ್ ಗ್ಲಾಕ್, ಅದಕ್ಕೆ ಮೊದಲು ಬಂದೂಕೇ ಮಾಡಿರದ ಮನುಷ್ಯ. ಸೇನೆಗೆ ಚಾಕು, ಮನೆಗಳಿಗೆ ಪರದೆ ಕಂಬಿ ಮಾಡಿಕೊಂಡಿದ್ದವರು. ಗೆದ್ದದ್ದು ಅವರ ಗ್ಲಾಕ್ 17. ಅಲ್ಲಿಂದ ಮುಂದಿನ ಕತೆ ಎಲ್ಲರಿಗೂ ಗೊತ್ತು.

ಸ್ಟೈರ್ ಪ್ಲಾಸ್ಟಿಕ್ ಮೈಯ ಸ್ಟ್ರೈಕರ್ ಪಿಸ್ತೂಲು ತಂದಿದ್ದು 1999ರಲ್ಲಿ. ಅಷ್ಟೊತ್ತಿಗೆ ಅಮೆರಿಕದ ಪೊಲೀಸ್ ಇಲಾಖೆಗಳಲ್ಲಿ ಗ್ಲಾಕ್ ಬೇರು ಬಿಟ್ಟಾಗಿತ್ತು. ಸ್ಟೈರ್‌ಗಾಗಿ ಎಂ9 ರೂಪಿಸಿದವರಲ್ಲಿ ವಿಲ್ಹೆಲ್ಮ್ ಬುಬಿಟ್ಸ್ ಮುಖ್ಯರು. ಮುಂದೆ ಅಬುಧಾಬಿಯ ಕರಾಕಲ್ ಪಿಸ್ತೂಲು ರೂಪಿಸಿದವರೂ ಅವರೇ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಮನೆಯ ಮೂಗು ಕಾಣುತ್ತದೆ. 2004ರಲ್ಲಿ ಹಿಡಿ ತಿದ್ದಿ, ಮುಂದೆ ಟಾರ್ಚ್ ಸಿಕ್ಕಿಸುವ ರೇಲನ್ನು ಮಾಮೂಲಿ ಅಳತೆಗೆ ತಂದು ಎ1 ಮಾಡಿದರು. ನನ್ನ ಹತ್ತಿರ ಇರುವುದು ಅದು. 9 ಎಂಎಂ, 4 ಇಂಚಿನ ಬ್ಯಾರಲ್ (ಗುಂಡು ಹೊರಬರುವ ಕೊಳವೆ), 15 ಗುಂಡಿನ ಮ್ಯಾಗಜೀನ್, ಖಾಲಿ ಇದ್ದಾಗ ಮುಕ್ಕಾಲು ಕೆಜಿ ಆಸುಪಾಸು.

ಸ್ಟ್ರೈಕರ್ ಅಂದರೇನು ಅಂತ ಕೇಳುವವರಿಗೆ ಎರಡು ಮಾತು. ಹಳೆ ಕಾಲದ ಪಿಸ್ತೂಲಿನ ಹಿಂಬದಿಯಲ್ಲಿ ಒಂದು ಸುತ್ತಿಗೆ ಕಾಣುತ್ತದೆ, ಹ್ಯಾಮರ್. ಅದು ಬಿದ್ದು ಪಿನ್ನಿಗೆ ಬಡಿದು ಗುಂಡು ಸಿಡಿಯುತ್ತದೆ. ಸ್ಟ್ರೈಕರ್ ಮಾದರಿಯಲ್ಲಿ ಹೊರಗಡೆ ಸುತ್ತಿಗೆಯೇ ಇಲ್ಲ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಓಡುವ ಸ್ಲೈಡಿನೊಳಗೆ ಸ್ಪ್ರಿಂಗ್ ಬಲದಿಂದ ಮುಂದೆ ನುಗ್ಗುವ ಒಂದು ಕಡ್ಡಿ ಇರುತ್ತದೆ. ಎಂ9ರಲ್ಲಿ ಸ್ಲೈಡ್ ಹಿಂದೆ ಹೋಗಿ ಮುಂದೆ ಬಂದಾಗ ಸ್ಪ್ರಿಂಗ್ ಅರ್ಧ ಬಿಗಿಯಾಗಿರುತ್ತದೆ. ಟ್ರಿಗರ್ ಎಳೆದಾಗ ಉಳಿದಷ್ಟು ಬಿಗಿದು ಬಿಡುಗಡೆ ಆಗುತ್ತದೆ. ಲಾಭ ಏನಂದರೆ ಮೊದಲ ಗುಂಡಿಗೂ ಕೊನೆಯ ಗುಂಡಿಗೂ ಟ್ರಿಗರ್ ಒಂದೇ ಥರ ಇರುತ್ತದೆ. ಬಟ್ಟೆಗೆ ಸಿಕ್ಕಿಕೊಳ್ಳುವ ಸುತ್ತಿಗೆಯೂ ಇಲ್ಲ.

ಎಂ9ರ ಟ್ರಿಗರ್ ಸುಮಾರು 5 ಪೌಂಡ್ ತೂಕದ್ದು. ಸ್ವಲ್ಪ ಸಡಿಲ ಎಳೆತ, ಆಮೇಲೆ ಒಂದು ತಡೆ, ಆಮೇಲೆ ಟಕ್ ಅಂತ ಬಿಡುತ್ತದೆ. ಬಿಟ್ಟ ಮೇಲೆ ಬೆರಳು ಪೂರ್ತಿ ಮುಂದೆ ತರಬೇಕಿಲ್ಲ, ಸ್ವಲ್ಪ ಬಿಟ್ಟರೆ ಮತ್ತೆ ಸಿದ್ಧ. ಟ್ರಿಗರ್ ನಡುವೆ ಒಂದು ಚಿಕ್ಕ ನಾಲಿಗೆ ಇದೆ, ಅದನ್ನು ಒತ್ತದೆ ಟ್ರಿಗರ್ ಅಲ್ಲಾಡುವುದಿಲ್ಲ. ಕೈಜಾರಿ ಬಿದ್ದರೆ ಸಿಡಿಯದಂತೆ ಒಳಗಡೆ ಇನ್ನೊಂದು ತಡೆ. ಬಲಪಕ್ಕದಲ್ಲಿ ಕೀಲಿ ಹಾಕುವ ಲಾಕ್. ಆ ಕೀಲಿ ಪೊಲೀಸರ ಬೇಡಿಯ ಕೀಲಿಯಂತಿದೆ. ಸೇಫ್ ಇರುವ ಮನೆಯಲ್ಲಿ ನಾನು ಅದನ್ನು ಬಳಸುವುದಿಲ್ಲ. ಕೀಲಿಯೂ ಸೇಫಿನಲ್ಲೇ ಬಿದ್ದಿದೆ.

ಚೇಂಬರಿನಲ್ಲಿ, ಅಂದರೆ ಹಾರೋಕೆ ಸಿದ್ಧವಾದ ಗುಂಡು ಕೂರುವ ಬ್ಯಾರಲ್ಲಿನ ಹಿಂತುದಿಯಲ್ಲಿ, ಗುಂಡು ಇದ್ದರೆ ಸ್ಲೈಡಿನ ಹಿಂಬದಿಯಲ್ಲಿ ಒಂದು ಮೊಳೆ ತಲೆ ಹೊರಗೆ ಬರುತ್ತದೆ. ಕತ್ತಲಲ್ಲೂ ಹೆಬ್ಬೆರಳಿಗೆ ಸಿಗುತ್ತದೆ. ಚೆನ್ನಾಗಿದೆ, ಆದರೆ ಅದನ್ನು ನಂಬಿ ಕೂರಬೇಡಿ. ಸ್ಲೈಡ್ ಎಳೆದು ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿದ ಮೇಲೆಯೇ ಖಾಲಿ ಅನ್ನಬೇಕು.

ಇದರ ದೊಡ್ಡ ಗುಣ ಬ್ಯಾರಲ್ ಕೂತಿರುವ ಎತ್ತರ. ಕೈಗೆ ತೀರಾ ಹತ್ತಿರ, ಕೆಳಗೆ ಕೂತಿದೆ. ಬ್ಯಾರಲ್ ಎತ್ತರದಲ್ಲಿದ್ದಷ್ಟೂ ಗುಂಡು ಹಾರಿದಾಗ ಮೂತಿ ಮೇಲೆ ಜಿಗಿಯುತ್ತದೆ. ಕೆಳಗಿದ್ದರೆ ಒದೆತ ನೇರ ಹಿಂದಕ್ಕೆ, ತೋಳಿಗೆ ಬರುತ್ತದೆ. ಎಂ9ರಲ್ಲಿ ಒಂದರ ಹಿಂದೆ ಒಂದು ಹೊಡೆಯುವಾಗ ಮೂತಿ ಹೆಚ್ಚು ದೂರ ಹೋಗುವುದೇ ಇಲ್ಲ. ಹೋದರೂ ಬೇಗ ಬಂದು ಕೂರುತ್ತದೆ. 115 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿರಲಿ, 124 ಇರಲಿ, ಮೆತ್ತಗೆ ಹೊಡೆಯುತ್ತದೆ. ಹೊಸದಾಗಿ ಕಲಿಯುವವರ ಕೈಗೆ ಇದನ್ನು ಕೊಟ್ಟರೆ ಹೆದರಿಕೆ ಬೇಗ ಬಿಡುತ್ತದೆ. ನನ್ನ ಹೆಂಡತಿ ಗುಂಡಿನ ಸದ್ದಿಗೆ ಹೆದರುತ್ತಿದ್ದಳು, ಒದೆತಕ್ಕಲ್ಲ. ಸದ್ದಿಗೆ ಬೇರೆ ಮದ್ದು ಇದೆ. ಒಳಾಂಗಣ ರೇಂಜಿನಲ್ಲಿ ಕಿವಿಯೊಳಗೆ ಬೆಂಡು, ಮೇಲೆ ಮಫ್, ಎರಡೂ. 9 ಎಂಎಂ ಪಿಸ್ತೂಲಿನ ಸದ್ದು 160 ಡೆಸಿಬೆಲ್ ಸುತ್ತಮುತ್ತ ಇರುತ್ತದೆ. ಕಿವಿ ಹೋದರೆ ಮತ್ತೆ ಬರಲ್ಲ, ಅಲ್ವಾ.

ಈಗ ಎಲ್ಲರೂ ಜಗಳ ಆಡುವ ವಿಷಯ, ಗುರಿ ಕಂಬಿ. ಸಾಮಾನ್ಯ ಪಿಸ್ತೂಲಿನಲ್ಲಿ ಹಿಂದೆ ಚೌಕ ಕಂಡಿ, ಮುಂದೆ ನೆಟ್ಟಗಿನ ಕಂಬಿ. ಮೂರು ಬಿಳಿ ಚುಕ್ಕೆ ಸಾಲಾಗಿ ಕೂರಿಸಿದರೆ ಮುಗಿಯಿತು. ಎಂ9ರಲ್ಲಿ ಮುಂದೆ ಬಿಳಿ ತ್ರಿಕೋನ. ಹಿಂದೆ ತ್ರಿಕೋನದ ತಲೆ ಕತ್ತರಿಸಿದಂಥ ಕಂಡಿ, ಅದರ ಎರಡೂ ಇಳಿಜಾರಿಗೆ ಬಿಳಿ ಗೆರೆ. ಎರಡನ್ನೂ ಕೂಡಿಸಿದರೆ ಗೋಪುರದ ತುದಿ ನೋಡಿದ ಹಾಗೆ ಇರುತ್ತದೆ. ಆ ತುದಿ ಎಲ್ಲಿದೆಯೋ ಅಲ್ಲಿ ಗುಂಡು. ಹತ್ತಿರದ ಗುರಿಗೆ ಇದು ತುಂಬಾ ಬೇಗ ಸಿಗುತ್ತದೆ. ಕಣ್ಣು ತಾನಾಗಿ ಶಿಖರದ ಕಡೆ ಹೋಗುತ್ತದೆ. 25 ಗಜಕ್ಕೆ ಹೋದಾಗ ಕಷ್ಟ ಗೊತ್ತಾಗುತ್ತದೆ. ಚೌಕ ಕಂಬಿಯಲ್ಲಿ ಮೇಲಂಚು ಸಮ ಇದೆಯೋ ಇಲ್ಲವೋ ಒಂದು ನೋಟಕ್ಕೆ ತಿಳಿಯುತ್ತದೆ. ಇಲ್ಲಿ ಸಮ ಮಾಡೋಕೆ ನೇರ ಅಂಚೇ ಇಲ್ಲ. ಎತ್ತರ ಒಂದು ಕೂದಲು ಹೆಚ್ಚುಕಮ್ಮಿ ಆದರೂ ಕಣ್ಣಿಗೆ ತಿಳಿಯಲ್ಲ, ಕಾಗದದ ಮೇಲೆ ತಿಳಿಯುತ್ತದೆ.

ನಮ್ಮ ಗುಂಪಿನಲ್ಲಿ ಕೊಡಗಿನ ಗೆಳೆಯರೊಬ್ಬರಿದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿಕೊಂಡೇ ಬೆಳೆದವರು. ಕೋವಿ ಹಿಡಿದ ಕೈ ಅವರದು. ಇದನ್ನು ಕೊಟ್ಟರೆ ಮೊದಲ ಮ್ಯಾಗಜೀನ್ ಪೂರ್ತಿ ಕೆಳಗೆ ಹೊಡೆದರು. "ಏನು ಮಾರಾಯ, ಗುರಿ ಕಂಬಿಯ ಬದಲು ಪಕ್ಕದ ಮನೆಯ ಹೆಂಚು ಇಟ್ಟಿದ್ದಾರಲ್ಲ?" ಅಂದರು. ಎರಡನೇ ಮ್ಯಾಗಜೀನಿಗೆ ತುದಿ ನೋಡೋದು ಅಭ್ಯಾಸ ಆಯಿತು. ಮೂರನೆಯದರಲ್ಲಿ ಗುಂಡುಗಳನ್ನು ನನಗಿಂತ ಒತ್ತೊತ್ತಾಗಿ ಒಂದೇ ಕಡೆ ಹೊಡೆದರು. ಆಮೇಲೆ ವಾಪಸ್ ಕೊಡೋಕೆ ಮನಸ್ಸಿರಲಿಲ್ಲ. ಒಗ್ಗಿಹೋದರೆ ಈ ಕಂಬಿ ಚೆನ್ನ. ಒಗ್ಗದವರಿಗೆ ಮಾಮೂಲಿ ಚೌಕ ಕಂಬಿ ಹಾಕಿದ್ದೂ ಮಾರುಕಟ್ಟೆಯಲ್ಲಿ ಬಂದಿದೆ. ಕೊಳ್ಳುವಾಗಲೇ ಅದನ್ನು ಕೇಳಿ.

ವರ್ಷಗಳ ಬಳಕೆಯಲ್ಲಿ ಏನು ಸವೆದಿದೆ ಅಂದರೆ, ಬ್ಯಾರಲ್ಲಿನ ಮೇಲೆ ಸ್ಲೈಡ್ ಉಜ್ಜುವ ಕಡೆ ಕಪ್ಪು ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿದೆ. ಅಷ್ಟೇ. ಸ್ಲೈಡಿನ ಮೇಲಿನ ಮ್ಯಾನಾಕ್ಸ್ ಲೇಪ ಹಾಗೆಯೇ ಇದೆ. ಟೆಕ್ಸಾಸ್ ಬೇಸಿಗೆಯಲ್ಲಿ ಬಯಲು ರೇಂಜಿನಲ್ಲಿ ನಿಂತರೆ ಬೆವರು ಮೊಣಕೈವರೆಗೆ ಇಳಿಯುತ್ತದೆ. ಆದರೂ ತುಕ್ಕಿನ ಸುಳಿವಿಲ್ಲ. ಪ್ಲಾಸ್ಟಿಕ್ ಮೈಯೊಳಗೆ ಉಕ್ಕಿನ ಚೌಕಟ್ಟು ಇದೆ, ಸ್ಲೈಡ್ ಓಡುವ ಹಳಿಗಳು ಅದರ ಮೇಲಿವೆ. ಹಾಗಾಗಿ ಸ್ಲೈಡ್ ಕೈಯಲ್ಲಿ ಅಲ್ಲಾಡಿಸಿದರೆ ಗಡಗಡ ಅನ್ನುವುದಿಲ್ಲ. ಕೊಂಡ ದಿನ ಹೇಗಿತ್ತೋ ಹಾಗೇ ಬಿಗಿ.

ಬಿಚ್ಚುವುದು ಸುಲಭ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಅಂತ ಎರಡು ಸಲ ನೋಡಿ, ಲಿವರ್ ತಿರುಗಿಸಿದರೆ ಸ್ಲೈಡ್ ಮುಂದಕ್ಕೆ ಬರುತ್ತದೆ. ಬ್ಯಾರಲ್ ಮತ್ತು ಸ್ಪ್ರಿಂಗ್ ಕೈಗೆ ಬರುತ್ತವೆ. ಹಳಿಗಳ ಮೇಲೆ ತೊಟ್ಟು ತೊಟ್ಟು ಎಣ್ಣೆ ಸಾಕು. ಸ್ಟ್ರೈಕರ್ ಓಡುವ ಕೊಳವೆಯೊಳಗೆ ಎಣ್ಣೆ ಸುರಿಯಬೇಡಿ, ಮಸಿ ಹಿಡಿದು ಅಂಟಾಗುತ್ತದೆ. ಇದು ಯಾವ ಸ್ಟ್ರೈಕರ್ ಪಿಸ್ತೂಲಿಗೂ ಸಲ್ಲುವ ಮಾತು. ಆಯುಧಪೂಜೆಗೆ ಕಾರಿನ ಕೀಲಿ, ಲ್ಯಾಪ್‌ಟಾಪ್ ಜೊತೆ ಇದನ್ನೂ ಖಾಲಿ ಮಾಡಿ ಇಡುವ ಪದ್ಧತಿ ನಮ್ಮ ಮನೆಯಲ್ಲಿದೆ. ಅರಿಶಿನ ಕುಂಕುಮ ಮಾತ್ರ ಡಬ್ಬದ ಮೇಲೆ. ಸ್ಲೈಡಿನ ಸಂದಿಗೆ ಕುಂಕುಮ ಹೋದರೆ ಮುಂದಿನ ದಸರಾವರೆಗೂ ಕೆಂಪು ಬರುತ್ತಿರುತ್ತದೆ.

ರೇಂಜಿನಿಂದ ಬಂದ ಮೇಲೆ ತಣ್ಣೀರಲ್ಲಿ ಕೈ ಮುಖ ತೊಳೆದು, ಬಟ್ಟೆ ಬದಲಿಸಿ, ಆಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಿ. ಗುಂಡಿನ ಸೀಸ ಮತ್ತು ಪ್ರೈಮರಿನ (ಗುಂಡಿನ ಬುಡದಲ್ಲಿ ಕಿಡಿ ಹೊತ್ತಿಸುವ ಭಾಗ) ಸೀಸದ ಪುಡಿ ಕೈಗೂ ಬಟ್ಟೆಗೂ ಅಂಟಿರುತ್ತದೆ.

ಕೈಕೊಟ್ಟಿದ್ದು ಇದೆಯಾ? ಕಾರ್ಖಾನೆಯ ಹೊಸ ಗುಂಡಿನಲ್ಲಿ ಸಿಕ್ಕಿಕೊಂಡ ನೆನಪು ನನಗಿಲ್ಲ. 2020ರಲ್ಲಿ ಕೊರೊನಾ ಹೊತ್ತಿಗೆ ಗುಂಡೇ ಸಿಗುತ್ತಿರಲಿಲ್ಲ. ಒಂದಕ್ಕೆ 20 ಸೆಂಟ್ ಆಸುಪಾಸು ಇದ್ದ 9 ಎಂಎಂ ಗುಂಡು ಮೂರು ಪಟ್ಟಿಗಿಂತ ಜಾಸ್ತಿ ಆಯಿತು. ಆಗ ಒಂದು ಕಡೆ ಹಳೆ ತೋಟಾ ತುಂಬಿ ಮಾರುವ ರೀಲೋಡ್ ಗುಂಡು ಸಿಕ್ಕಿತು, ತಂದೆ. ಟ್ರಿಗರ್ ಎಳೆದರೆ ಕ್ಲಿಕ್ ಅಂತು, ಸದ್ದಿಲ್ಲ. ಇಂಥ ಹೊತ್ತಿನಲ್ಲಿ ಪಿಸ್ತೂಲು ತಿರುಗಿಸಿ ನೋಡಬಾರದು. ಮೂತಿ ಗುರಿಯ ಕಡೆಯೇ ಇಟ್ಟು 30 ಸೆಕೆಂಡ್ ಕಾದು, ಆಮೇಲೆ ಸ್ಲೈಡ್ ಎಳೆದು ಗುಂಡು ಬೀಳಿಸಬೇಕು. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ಬಿದ್ದ ಗುಂಡು ಎತ್ತಿ ನೋಡಿದರೆ ಪ್ರೈಮರಿನ ನಡುವೆ ಆಳವಾದ ಗುಳಿ ಬಿದ್ದಿತ್ತು. ಸ್ಟ್ರೈಕರ್ ತನ್ನ ಕೆಲಸ ಮಾಡಿತ್ತು, ಗುಂಡೇ ಸತ್ತಿತ್ತು. ಆ ಡಬ್ಬ ಅಲ್ಲಿಗೇ ನಿಂತಿತು.

ಇನ್ನು ತಾಳ್ಮೆ ಬೇಡುವ ಭಾಗ. ಗ್ಲಾಕ್ ಇದ್ದವರು ಊರಿನ ಯಾವುದೇ ಅಂಗಡಿಗೆ ನುಗ್ಗಿ ಮ್ಯಾಗಜೀನ್ ಎತ್ತಿಕೊಂಡು ಬರುತ್ತಾರೆ. ಬೇರೆ ಕಂಪನಿಗಳೂ ಗ್ಲಾಕ್‌ಗೆ ಮ್ಯಾಗಜೀನ್ ಮಾಡುತ್ತವೆ, ಅಗ್ಗಕ್ಕೂ ಸಿಗುತ್ತದೆ. ಸ್ಟೈರ್‌ಗೆ ಹಾಗಿಲ್ಲ. ಕಂಪನಿಯದೇ ಬೇಕು, ಆನ್‌ಲೈನ್‌ನಲ್ಲೇ ಬೇಕು, ಬೆಲೆಯೂ ಹೆಚ್ಚು. ಕೆಲವೊಮ್ಮೆ ತಿಂಗಳುಗಟ್ಟಲೆ ಸ್ಟಾಕ್ ಇಲ್ಲ ಅಂತ ತೋರಿಸುತ್ತದೆ. ಅಮೆರಿಕದ ಶಾಖೆ ಅಲಬಾಮಾದಲ್ಲಿದೆ, ಹಾಗಾಗಿ ಸ್ಪ್ರಿಂಗ್‌ನಂಥ ಬಿಡಿಭಾಗಕ್ಕೆ ಆಸ್ಟ್ರಿಯಾ ತನಕ ಬರೆಯಬೇಕಾಗಿಲ್ಲ. ಅಷ್ಟು ನೆಮ್ಮದಿ. ನನ್ನ ಸಲಹೆ ಇಷ್ಟೇ. ಪಿಸ್ತೂಲು ಕೊಂಡ ವಾರವೇ ಮ್ಯಾಗಜೀನ್ ನಾಲ್ಕೈದು, ಸ್ಲೈಡನ್ನು ಮುಂದೆ ತಳ್ಳುವ ರೀಕಾಯಿಲ್ ಸ್ಪ್ರಿಂಗ್ ಒಂದು ತೆಗೆದಿಟ್ಟುಬಿಡಿ. ಆ ಖರ್ಚನ್ನು ಪಿಸ್ತೂಲಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ.

ಹೋಲ್‌ಸ್ಟರ್ ಕತೆ ಇನ್ನೊಂದು. ಕ್ಲಬ್ ಪಂದ್ಯಕ್ಕೆ ಹೋಲ್‌ಸ್ಟರ್ ಬೇಕೇ ಬೇಕು. ಆನ್‌ಲೈನ್‌ನಲ್ಲಿ ಒಬ್ಬರು "ಎಂ9ಗೆ ಸರಿಹೊಂದುತ್ತದೆ" ಅಂತ ಮಾರಿದರು. ಬಂದಿದ್ದು ಬೆರೆಟ್ಟಾ ಎಂ9ಗೆ ಮಾಡಿದ್ದು! ಅಮೆರಿಕ ಸೇನೆ ದಶಕಗಳ ಕಾಲ ಬಳಸಿದ ಆ ಪಿಸ್ತೂಲಿನ ಹೆಸರೂ ಎಂ9, ಅದೇ ಎಲ್ಲರ ತಲೆಯಲ್ಲಿ ಇರುವುದು. ವಾಪಸ್ ತೆಗೆದುಕೊಳ್ಳೋಕೆ ಅವರು ಒಂದು ತಿಂಗಳು ಸತಾಯಿಸಿದರು. ಹುಡುಕುವಾಗ "ಸ್ಟೈರ್" ಅನ್ನೋದು ಬಿಡದೆ ಹಾಕಿ. ಕೊನೆಗೆ ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕಾಯಿಸಿ ಅಚ್ಚು ಹಾಕಿಕೊಡುವ ಒಬ್ಬರ ಹತ್ತಿರ ಮಾಡಿಸಿದೆ. ಕಾಯಬೇಕಾಯಿತು, ಆದರೆ ಒಳಗೆ ಹಾಕಿದರೆ ಟಕ್ ಅಂತ ಕೂರುತ್ತದೆ. ಟ್ರಿಗರ್ ಪೂರ್ತಿ ಮುಚ್ಚಿರಬೇಕು, ಅದೊಂದು ವಿಷಯದಲ್ಲಿ ರಾಜಿ ಬೇಡ. ಹೊರಗಡೆ ಸೇಫ್ಟಿ ಇಲ್ಲದ ಪಿಸ್ತೂಲು ಇದು. ಮೆತ್ತನೆ ಬಟ್ಟೆಯ ಚೀಲದಂಥ ಹೋಲ್‌ಸ್ಟರಿಗೆ ಹಾಕಲೇಬೇಡಿ.

ಮಾರುವ ಯೋಚನೆ ಇದ್ದರೆ ಇದನ್ನು ಕೊಳ್ಳಬೇಡಿ. ಗೊತ್ತಿದ್ದವರು ಮಾತ್ರ ಬೆಲೆ ಕೊಡುತ್ತಾರೆ, ಗೊತ್ತಿದ್ದವರು ಕಡಿಮೆ.

ಇಲ್ಲಿರುವ ನಮ್ಮವರು ಪದೇ ಪದೇ ಕೇಳುವುದಕ್ಕೆ ಉತ್ತರ. ಎಚ್-1ಬಿಯಂಥ ವೀಸಾದಲ್ಲಿದ್ದರೆ ಫೆಡರಲ್ ಕಾನೂನಿನ ಪ್ರಕಾರ ಬಂದೂಕು, ಗುಂಡು ಎರಡೂ ಇಟ್ಟುಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿ ಬಿಟ್ಟು. "ರಾಜ್ಯದಲ್ಲಿ ಪರವಾಗಿಲ್ಲ" ಅನ್ನುವ ಮಾತು ನಂಬಿ ಕೈಹಾಕಬೇಡಿ, ವೀಸಾಕ್ಕೇ ಕುತ್ತು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಅಂಗಡಿಯಲ್ಲಿ 4473 ಫಾರ್ಮ್ ತುಂಬಬೇಕು, ಎಫ್‌ಬಿಐ ಹಿನ್ನೆಲೆ ತಪಾಸಣೆ ಆಗುತ್ತದೆ. ಲೈಸೆನ್ಸ್ ಅಂಗಡಿಯಿಂದ ಪಿಸ್ತೂಲು ಕೊಳ್ಳೋಕೆ 21 ತುಂಬಿರಬೇಕು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಪರ್ಮಿಟ್ ಇಲ್ಲದೆಯೂ ಅರ್ಹರು ಪಿಸ್ತೂಲು ಜೊತೆಗಿಟ್ಟುಕೊಳ್ಳಬಹುದು. ಹಾಗಂತ ಎಲ್ಲಿ ಬೇಕಾದರೂ ಅಲ್ಲ. ಪರ್ಮಿಟ್ ಇಲ್ಲದವರು 30.05 ಅಂತ ಬೋರ್ಡ್ ಹಾಕಿದ ಜಾಗಕ್ಕೆ ಒಯ್ಯುವಂತಿಲ್ಲ. 30.06, 30.07 ಬೋರ್ಡುಗಳು ಪರ್ಮಿಟ್ ಇದ್ದವರಿಗೆ, ಮೊದಲನೆಯದು ಮುಚ್ಚಿಟ್ಟು ಒಯ್ಯುವುದಕ್ಕೆ, ಎರಡನೆಯದು ಕಾಣುವಂತೆ ಒಯ್ಯುವುದಕ್ಕೆ ತಡೆ.

ಊರಿಂದ ಕೇಳುವ ತಮ್ಮಂದಿರಿಗೆ: ಬರುವಾಗ ಒಂದು ತಂದುಕೊಡು ಅನ್ನೋ ಮಾತು ಬಿಡಿ. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ (ಗುಂಡಿನ ಅಳತೆ), ಸಾಮಾನ್ಯ ಲೈಸೆನ್ಸಿಗೆ ಸಿಗುವಂಥದ್ದಲ್ಲ. ಅಲ್ಲಿ ಲೈಸೆನ್ಸ್ ಇರುವವರ ಕೈಯಲ್ಲಿ ಕಾಣುವುದು ಹೆಚ್ಚಾಗಿ .32 ಪಿಸ್ತೂಲು, ರಿವಾಲ್ವರ್.

ಇದಕ್ಕಿಂತ ಮುಖ್ಯವಾದದ್ದು ಬ್ಯಾಗಿನ ವಿಷಯ. ರೇಂಜಿಗೆ ಒಯ್ಯುವ ಬ್ಯಾಗನ್ನು ಯಾವತ್ತೂ ಊರಿಗೆ ಹೋಗುವಾಗ ಬಳಸಬೇಡಿ. ಜೇಬಿನ ಮೂಲೆಯಲ್ಲಿ ಒಂದೇ ಒಂದು ಜೀವಂತ ಗುಂಡು ಉಳಿದಿದ್ದರೂ ಬೆಂಗಳೂರಲ್ಲೋ ದಿಲ್ಲಿಯಲ್ಲೋ ಎಕ್ಸ್‌ರೇಯಲ್ಲಿ ಕಾಣುತ್ತದೆ. ಪಿಸ್ತೂಲು ಇಲ್ಲದಿದ್ದರೂ ಗುಂಡಿಗೇ ಆಯುಧ ಕಾಯ್ದೆಯಡಿ ಕೇಸು. ವಿಮಾನ ನಿಲ್ದಾಣಗಳಲ್ಲಿ ಹೀಗೆ ಸಿಕ್ಕಿಬಿದ್ದವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ನನ್ನ ರೇಂಜ್ ಬ್ಯಾಗ್ ಕಿತ್ತಳೆ ಬಣ್ಣದ್ದು. ಹೆಂಡತಿ ಆರಿಸಿದ್ದು, ನೋಡೋಕೆ ಚೆನ್ನಾಗಿಲ್ಲ, ಆದರೆ ಸೂಟ್‌ಕೇಸ್ ಸಾಲಿಗೆ ತಪ್ಪಿಯೂ ಸೇರುವುದಿಲ್ಲ.

ಇನ್ನುಳಿದ ಪ್ರಶ್ನೆ, ಎ1 ತೆಗೆದುಕೊಳ್ಳೋದಾ, 2019ರಲ್ಲಿ ಬಂದ ಎ2 ತೆಗೆದುಕೊಳ್ಳೋದಾ? ಎ2ರಲ್ಲಿ ಒಳಗಿನ ಉಕ್ಕಿನ ಚೌಕಟ್ಟು ಹೊರಗೆ ತೆಗೆದು ಬೇರೆ ಮೈಗೆ ಹಾಕಬಹುದು. ಹಿಡಿಯ ಹಿಂಬದಿ, ಪಕ್ಕದ ತುಂಡುಗಳನ್ನು ಕೈ ಅಳತೆಗೆ ಬದಲಿಸಬಹುದು. ನನ್ನ ಕೈಗೆ ಎ1ರ ಹಿಡಿ ಸರಿ ಕೂತಿರುವುದರಿಂದ ನನಗೆ ಅದರ ಅಗತ್ಯ ಬಿದ್ದಿಲ್ಲ. ಕೈ ಚಿಕ್ಕದಿರುವವರು, ಅಥವಾ ಮನೆಯಲ್ಲಿ ಇಬ್ಬರು ಬಳಸುವವರು ಎ2 ನೋಡಿ. ಹಳೆಯ ಎ1 ಒಳ್ಳೆ ಸ್ಥಿತಿಯಲ್ಲಿ, ಜೊತೆಗೆ ಮೂರು ನಾಲ್ಕು ಮ್ಯಾಗಜೀನ್ ಸಮೇತ ಯಾರಾದರೂ ಮಾರುತ್ತಿದ್ದರೆ ಮಾತ್ರ ಯೋಚಿಸದೆ ತೆಗೆದುಕೊಳ್ಳಿ. ಒಂದೇ ಮ್ಯಾಗಜೀನ್ ಕೊಡುತ್ತೇನೆ ಅಂದರೆ ಬೆಲೆ ಇಳಿಸಿ ಕೇಳಿ.